ಕೊನೆ ಹೇಳ್ಬೇಡಿ

ಜುಲೈ ತಿಂಗಳ ಒಂದು ಶನಿವಾರ. ಕುಮಟಾದಿಂದ ಶಿರಸಿಗೆ ಹೊರಟಿದ್ದ ಬಸ್ಸು ದೇವಿಮನೆ ಘಟ್ಟದ ನಡುವೆ ನಿಂತಿತ್ತು. ಮುಂದೆಲ್ಲೋ ಮರ ಬಿದ್ದಿದೆಯಂತೆ. ಡ್ರೈವರ್ ಇಂಜಿನ್ ಆಫ್ ಮಾಡಿದ ಮೇಲೆ ಮಳೆಯದ್ದೊಂದೇ ಸದ್ದು. ಕಿಟಕಿ ಹಾಕಿದರೆ ಉಸಿರು ಕಟ್ಟುತ್ತದೆ, ತೆಗೆದರೆ ಮೈಯೆಲ್ಲ ಒದ್ದೆ. ಪಕ್ಕದ ಸೀಟಿನ ಕಾಲೇಜು ಹುಡುಗಿ ಮಾತ್ರ ಯಾವುದರ ಗೊಡವೆಯೂ ಇಲ್ಲದೆ ಪುಸ್ತಕ ಓದುತ್ತಿದ್ದಳು. ಸ್ವಲ್ಪ ಬಗ್ಗಿ ರಟ್ಟು ನೋಡಿದೆ. ಹೋದ ವರ್ಷ ನಾನು ಓದಿದ ಕಾದಂಬರಿ! ಬಸ್ಸಿನಲ್ಲಿ ಕನ್ನಡ ಪುಸ್ತಕ ಹಿಡಿದವರು ಸಿಗೋದೇ ಅಪರೂಪ. ಅದರಲ್ಲೂ ನಾನು ಓದಿದ್ದು ಅಂದರೆ ಸುಮ್ನೆ ಇರಲಿಕ್ಕಾಗುತ್ತದಾ?

"ಚೆನ್ನಾಗಿದೆ ಅಲ್ವಾ? ನಾನೂ ಓದಿದ್ದೇನೆ" ಅಂದೆ.

ಅವಳು ಗಾಬರಿಯಿಂದ ಕೈ ಅಡ್ಡ ಹಿಡಿದಳು. "ಅಯ್ಯೋ ಆಂಟಿ, ಕೊನೆ ಹೇಳ್ಬೇಡಿ, ಪ್ಲೀಸ್."

ಪಾಪ, ಅವಳು ಹೆದರಬೇಕಾದ್ದೇನೂ ಇರಲಿಲ್ಲ. ಹೇಳೋಣ ಅಂದರೂ ನನ್ನ ಹತ್ತಿರ ಕೊನೆಯೇ ಇರಲಿಲ್ಲ. ಕೊನೆ ಹೋಗಲಿ, ನಡುವೂ ಇರಲಿಲ್ಲ. ಒಂದು ಹಳೆಯ ಮನೆ, ಇಬ್ಬರೋ ಮೂವರೋ ಅಣ್ಣತಮ್ಮಂದಿರು, ಅಂಗಳದಲ್ಲೊಂದು ಬಾವಿ. ಅಷ್ಟೇ. ರಟ್ಟಿನ ಬಣ್ಣ ನೆನಪಿತ್ತು. ಎಲ್ಲಿ ಕೊಂಡೆ ಅನ್ನೋದು ನೆನಪಿತ್ತು. ಓದಿ ಮುಗಿಸಿದ ರಾತ್ರಿ "ಎಷ್ಟು ಒಳ್ಳೆ ಪುಸ್ತಕ!" ಅಂತ ನಾಲ್ಕು ಜನರಿಗೆ ಹೇಳಿದ್ದೂ ನೆನಪಿತ್ತು. ಪುಸ್ತಕ ಮಾತ್ರ ನೆನಪಿರಲಿಲ್ಲ. (ಹೆಸರು ಹೇಳುವುದಿಲ್ಲ. ಬರೆದವರದ್ದೇನೂ ತಪ್ಪಿಲ್ಲ.)

ಅವತ್ತು ನಾನು ಹೋಗುತ್ತಿದ್ದದ್ದು ಶಿರಸಿ ಹತ್ತಿರದ ಹಳ್ಳಿಯಲ್ಲಿರುವ ನನ್ನ ಸೋದರಮಾವನ ಮನೆಗೆ. ಊರಿನ ನಮ್ಮ ಪಾಲಿನ ಮನೆ ಮಾರಿ ಎರಡು ವರ್ಷವಾಯಿತು. ಈಗ ಘಟ್ಟದ ಮೇಲೆ ನನಗೆ ತವರು ಅಂತ ಇರುವುದು ಅದೊಂದೇ. ರಾತ್ರಿ ಊಟದ ಹೊತ್ತಿಗೆ ಹೇಗೋ ತಲುಪಿದೆ. ಬಸ್ಸಿನ ಕಥೆ ಹೇಳಿದೆ. ಮಾವ ನಗಲಿಲ್ಲ.

"ನಮ್ಮ ಕಡೆ ಅಡಿಕೆ ಗೊನೆಗೂ ಕೊನೆ ಅಂತಲೇ ಹೇಳೋದು" ಅಂದರು. "ಮರ ಹತ್ತದೆ ಕೊನೆ ಸಿಕ್ತಿಲ್ಲೆ, ಕೂಸೇ."

ಐವತ್ತು ಹತ್ತಿರ ಬಂದರೂ ಮಾವನಿಗೆ ನಾನು ಕೂಸೇ. ಇರಲಿ.

ಓದಿದ ಪುಸ್ತಕಗಳ ಪಟ್ಟಿ ಬರೆದಿಡುವ ಚಟ ನನಗಿದೆ. ಕುಮಟಾಕ್ಕೆ ವಾಪಸ್ ಬಂದವಳೇ ಆ ನೋಟ್‌ಬುಕ್ ತೆಗೆದೆ. ಹೋದ ವರ್ಷದ ಪಟ್ಟಿಯಲ್ಲಿ 41 ಹೆಸರುಗಳಿದ್ದವು. ಈ ಸಂಖ್ಯೆಯನ್ನು ನಾನು ಎಷ್ಟು ಜನರ ಮುಂದೆ ಹೇಳಿಕೊಂಡಿದ್ದೆನೋ! ಈಗ ಪ್ರತಿ ಹೆಸರಿನ ಮುಂದೆ ಮೂರು ಸಾಲು ಬರೆಯೋಣ ಅಂತ ಕೂತೆ. ಪುಸ್ತಕ ತೆರೆಯದೆ, ಫೋನು ನೋಡದೆ. ಬರೆಯಲಿಕ್ಕೆ ಆದದ್ದು ಒಂಬತ್ತು ಪುಸ್ತಕಗಳಿಗೆ. ಉಳಿದವುಗಳ ಮುಂದೆ "ಚೆನ್ನಾಗಿತ್ತು", "ದುಃಖದ ಕಥೆ", "ಬೆಂಗಳೂರಿನಲ್ಲಿ ನಡೆಯುತ್ತದೆ" ಅನ್ನುವಂಥವು. ಒಂದರ ಮುಂದೆ ಬರೀ ಪ್ರಶ್ನಾರ್ಥಕ ಚಿಹ್ನೆ. ಅದನ್ನು ಓದಿದ್ದೇನೆ ಅನ್ನುವುದೇ ಮರೆತುಹೋಗಿತ್ತು.

ಆ ರಾತ್ರಿ ಮಲಗಿದಾಗ ಬಸ್ಸಿನ ಪುಸ್ತಕದ ಕೊನೆ ಮಾತ್ರ ತಾನಾಗಿ ಮೇಲೆ ಬಂತು. ಹಾಂ, ಅಣ್ಣ ಮನೆ ಮಾರಿಬಿಡುತ್ತಾನೆ. ಸದ್ಯ, ಅಷ್ಟಾದರೂ ಉಳಿಯಿತಲ್ಲ ಅಂತ ಸಮಾಧಾನದಿಂದ ನಿದ್ದೆ ಹೋದೆ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮರೆಯುವುದನ್ನು ಮೊದಲು ಅಳೆದು ನೋಡಿದವರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ದೊಡ್ಡ ಹೆಸರು. ಅವನ ಪುಸ್ತಕ ಬಂದದ್ದು 1885ರಲ್ಲಿ. ಪ್ರಯೋಗಕ್ಕೆ ಸಿಕ್ಕಿದ್ದು ಅವನೊಬ್ಬನೇ. ಅರ್ಥವೇ ಇಲ್ಲದ ಪುಟ್ಟ ಪುಟ್ಟ ಉಚ್ಚಾರಗಳ ಪಟ್ಟಿ ಮಾಡಿ ಬಾಯಿಪಾಠ ಮಾಡುವುದು, ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಮತ್ತೆ ಕಲಿಯುವುದು, ಎರಡನೇ ಸಲ ಎಷ್ಟು ಶ್ರಮ ಉಳಿಯಿತು ಅಂತ ಲೆಕ್ಕ ಹಾಕುವುದು. ಇಪ್ಪತ್ತು ನಿಮಿಷದ ನಂತರ ಶೇ. 58ರಷ್ಟು ಶ್ರಮ ಉಳಿಯುತ್ತಿತ್ತು. ಒಂದು ಗಂಟೆಗೆ ಅದು ಶೇ. 44. ಒಂದು ದಿನಕ್ಕೆ ಸುಮಾರು ಶೇ. 34. ಆದರೆ 31 ದಿನ ಕಳೆದ ಮೇಲೂ ಶೇ. 21 ಉಳಿದಿತ್ತು. ಅಂದರೆ ಹೋಗುವುದರಲ್ಲಿ ಹೆಚ್ಚಿನದು ಮೊದಲ ದಿನವೇ ಹೋಗುತ್ತದೆ. ಆಮೇಲೆ ಸೋರುವುದು ನಿಧಾನ. ಕಥೆ, ಕಾದಂಬರಿಗಳಿಗೆ ಅರ್ಥ ಇರುತ್ತದೆ, ಆದ್ದರಿಂದ ಅವು ಇಷ್ಟು ಬೇಗ ಹೋಗುವುದಿಲ್ಲ ನಿಜ. ಆದರೆ ನಾನು ಮಾಡುತ್ತಿದ್ದುದೇನು? ಒಂದು ಪುಸ್ತಕ ಮುಗಿಸಿದ ರಾತ್ರಿಯೇ ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದೆ. ಸೋರುವ ಹೊತ್ತಿನಲ್ಲೇ ಬೆನ್ನು ತಿರುಗಿಸುತ್ತಿದ್ದೆ.

ಇದನ್ನು ಯೋಚಿಸುವಾಗೆಲ್ಲ ನೆನಪಾಗುವುದು ನಮ್ಮ ಮನೆಯ ಅಡಿಕೆ ಸುಲಿತ.

ಕೊನೆಕೊಯ್ಲು ಶುರುವಾಯಿತೆಂದರೆ ರಾತ್ರಿಯೂ ಕೆಲಸ. ಕೆಂಪಡಿಕೆ ಮಾಡಬೇಕಾದರೆ ಹಸಿಯಿರುವಾಗಲೇ ಸುಲಿದು ಬೇಯಿಸಬೇಕು, ನಾಳೆ ನಾಡಿದ್ದು ಅಂದರೆ ನಡೆಯುವುದಿಲ್ಲ. ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಎಂಟು ಹತ್ತು ಜನ ಹೆಂಗಸರು ಕೂರುತ್ತಿದ್ದರು. ಕೈಗೆ ಕೆಲಸ, ಕಿವಿಗೆ ಬಿಡುವು. ಹಾಗಾಗಿ ಒಬ್ಬರು ಓದಬೇಕು. ನನಗೆ ಹತ್ತು ವರ್ಷ, ಉಚ್ಚಾರ ಸ್ಪಷ್ಟ, ಸುಲಿಯಲಿಕ್ಕೆ ಕೂರಿಸಿದರೆ ಬೆರಳು ಕೊಯ್ದುಕೊಳ್ಳುವವಳು. ಆ ಕೆಲಸ ನನಗೆ ಬಂತು. ವಾರಪತ್ರಿಕೆಯ ಧಾರಾವಾಹಿ, ಯಾರೋ ಪೇಟೆಯಿಂದ ತಂದ ಕಾದಂಬರಿ, ಮಹಾಭಾರತದ ಕಥೆ, ಕೈಗೆ ಸಿಕ್ಕಿದ್ದು.

ಪ್ರತಿ ರಾತ್ರಿ ಓದು ಶುರುವಾಗುವ ಮೊದಲು ಅಜ್ಜಿ ಕೇಳುತ್ತಿದ್ದಳು. "ನಿನ್ನೆ ಎಲ್ಲಿಗೆ ನಿಂತಿತ್ತು?"

ನಾನು ಪುಸ್ತಕ ತೆರೆದು ನೋಡಲು ಹೊರಟರೆ ಬಿಡುತ್ತಿರಲಿಲ್ಲ. ಯಾರಾದರೂ ಬಾಯಲ್ಲೇ ಹೇಳಬೇಕು. ಒಬ್ಬಳು ಶುರು ಮಾಡಿದರೆ ಇನ್ನೊಬ್ಬಳು ತಡೆಯುತ್ತಿದ್ದಳು. "ಅಲ್ಲ, ಪತ್ರ ಸಿಕ್ಕಿದ್ದು ಆಮೇಲೆ. ಮೊದಲು ಅತ್ತೆ ಬೈದಳು." "ಬೈದದ್ದು ಅತ್ತೆ ಅಲ್ಲ, ನಾದಿನಿ." ಹೀಗೆ ಹತ್ತು ನಿಮಿಷ ಜಗಳ. ನನಗೋ ಇದೆಲ್ಲ ದಂಡ ಅನ್ನಿಸುತ್ತಿತ್ತು. ಮುಂದಿನ ಪುಟಕ್ಕೆ ಹೋಗುವ ಅವಸರ. ತಮಾಷೆ ಅಂದರೆ, ಗಟ್ಟಿಯಾಗಿ ಓದಿದವಳು ನಾನು, ನೆನಪಿಟ್ಟುಕೊಂಡವರು ಅವರು. ಅಜ್ಜಿಗೆ ಓದಲಿಕ್ಕೆ ಬರುತ್ತಿರಲಿಲ್ಲ, ಸಹಿ ಮಾಡಲಿಕ್ಕೂ ಬರುತ್ತಿರಲಿಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಓದಿದ ಧಾರಾವಾಹಿಯನ್ನು ಅವಳು ನನ್ನ ಮದುವೆಯ ಹೊತ್ತಿಗೂ ಕಂತು ಕಂತಾಗಿ ಹೇಳುತ್ತಿದ್ದಳು.

ಆಗ ದಂಡ ಅನ್ನಿಸಿದ್ದ ಆ ಹತ್ತು ನಿಮಿಷಗಳಲ್ಲೇ ಗುಟ್ಟಿತ್ತು ಅಂತ ತಿಳಿದದ್ದು ಬಹಳ ತಡವಾಗಿ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಇಬ್ಬರು ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಸಣ್ಣದೊಂದು ಗದ್ಯಭಾಗ ಓದಲು ಕೊಟ್ಟರು. ಆಮೇಲೆ ಅದನ್ನೇ ಇನ್ನೊಂದು ಸಲ ಓದಿಸಿದ್ದು ಒಂದು ಬಗೆ. ಇನ್ನೊಂದು ಬಗೆಯಲ್ಲಿ ಹಾಳೆ ಮುಚ್ಚಿಸಿ, ನೆನಪಿದ್ದದ್ದನ್ನೆಲ್ಲ ಬರೆಸಿದರು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದರೆ ಎರಡು ಸಲ ಓದಿದವರೇ ಮುಂದು. ಶೇ. 81 ಮತ್ತು ಶೇ. 75. ಒಂದು ವಾರ ಬಿಟ್ಟು ನೋಡಿದರೆ ಲೆಕ್ಕ ತಿರುಗುಮುರುಗು. ಎರಡು ಸಲ ಓದಿದವರು ಶೇ. 42ಕ್ಕೆ ಇಳಿದಿದ್ದರು, ಮುಚ್ಚಿ ಬರೆದವರು ಶೇ. 56ರಲ್ಲಿ ನಿಂತಿದ್ದರು.

ಇದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಆ ಐದು ನಿಮಿಷ. ಮತ್ತೆ ಮತ್ತೆ ಓದಿದಾಗ ಎಲ್ಲ ನಮಗೆ ಬಂದುಬಿಟ್ಟಿದೆ ಅನ್ನಿಸುತ್ತದೆ, ಮತ್ತು ಆ ಕ್ಷಣಕ್ಕೆ ಅದು ನಿಜವೂ ಹೌದು. ಅದಕ್ಕೇ ನಾವು ಮೋಸ ಹೋಗುವುದು. ಅಜ್ಜಿಯ ಪ್ರಶ್ನೆ ಬರುತ್ತಿದ್ದದ್ದು ಒಂದು ದಿನ ಕಳೆದ ಮೇಲೆ. ಅರ್ಧ ಸೋರಿಹೋದ ಮೇಲೆ, ಹುಡುಕಿ ತೆಗೆಯಬೇಕಾದ ಹೊತ್ತಿನಲ್ಲಿ.

ಗೆರೆ ಎಳೆಯುವವರ ಗುಂಪಿನವಳು ನಾನು. ಹಳದಿ ಹೈಲೈಟರ್ ಇಲ್ಲದೆ ಪುಸ್ತಕ ಹಿಡಿಯುತ್ತಿರಲಿಲ್ಲ. 2013ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಜೊತೆಯವರು ಓದುವ, ಕಲಿಯುವ ಹತ್ತು ವಿಧಾನಗಳ ಮೇಲಿನ ಸಂಶೋಧನೆಗಳನ್ನೆಲ್ಲ ತೂಗಿ ನೋಡಿದರು. ಗೆರೆ ಎಳೆಯುವುದು, ಸುಮ್ನೆ ಮರು ಓದುವುದು, ಎರಡೂ ಕೆಳಗಿನ ಸಾಲಿಗೆ ಹೋದವು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಬಿಟ್ಟು ಬಿಟ್ಟು ಓದುವುದು ಮೇಲಿನ ಸಾಲಿನಲ್ಲಿ ನಿಂತವು. ನನ್ನ ಹಳೆಯ ಪುಸ್ತಕಗಳನ್ನು ತೆರೆದು ನೋಡಿದರೆ ಕೆಲವು ಪುಟಗಳು ಅರಿಶಿನ ಹಚ್ಚಿದ ಹಾಗಿವೆ. ಯಾಕೆ ಹಚ್ಚಿದೆ ಅಂತ ಮಾತ್ರ ಗೊತ್ತಿಲ್ಲ.

ಇಷ್ಟಾದರೆ ನೆನಪಿನ ವಿಷಯವಾಯಿತು. ಆಳವಾಗಿ ಓದುವುದು ಇನ್ನೂ ಬೇರೆ. ಅದಕ್ಕೆ ಮಾವನ ಕಥೆಯನ್ನೇ ಹೇಳಬೇಕು.

ಮಾವ ತಾಳಮದ್ದಳೆಯ ಅರ್ಥಧಾರಿ. ದೊಡ್ಡ ಹೆಸರೇನಲ್ಲ, ಸುತ್ತಮುತ್ತಲ ಹತ್ತೂರಿಗೆ ಗೊತ್ತು. ಗೊತ್ತಿಲ್ಲದವರಿಗೆ ಒಂದು ಮಾತು. ತಾಳಮದ್ದಳೆ ಅಂದರೆ ವೇಷ, ಕುಣಿತ ಯಾವುದೂ ಇಲ್ಲದ ಯಕ್ಷಗಾನ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಪಾತ್ರ ವಹಿಸಿದವರು ಎದುರುಬದುರು ಕೂತು ಆ ಪದ್ಯಕ್ಕೆ ಅರ್ಥ ಹೇಳುತ್ತಾರೆ. ಪದ್ಯವಷ್ಟೇ ಬರೆದದ್ದು, ಮಾತೆಲ್ಲ ಆ ಹೊತ್ತಿಗೆ ಹುಟ್ಟಬೇಕು. ಎದುರಿಗೆ ಕೂತವನು ಏನು ಕೇಳುತ್ತಾನೆ ಅಂತ ಗೊತ್ತಿರುವುದಿಲ್ಲ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತಿರುತ್ತದೆ, ತೋಟಕ್ಕೆ ಕೊಳೆ ಔಷಧಿ ಹೊಡೆದು ಮುಗಿಸಿದ ಜನ ಯಾರದೋ ಮನೆಯ ಜಗಲಿಯಲ್ಲೋ ದೇವಸ್ಥಾನದಲ್ಲೋ ಸೇರುತ್ತಾರೆ. ಹೊರಗೆ ಮಳೆ, ಒಳಗೆ ಮದ್ದಳೆ.

ಮಾವ ಹೇಳುವ ಘಟನೆ ಅವರ ಮೂವತ್ತರ ಹರೆಯದ್ದು. ಪ್ರಸಂಗ ವಾಲಿವಧೆ. ಮಾವನದ್ದು ರಾಮ. ವಾಲಿ ಯಾರೋ ಹಿರಿಯರು. ಬಾಣ ತಗುಲಿ ಬಿದ್ದ ವಾಲಿ ಕೇಳುತ್ತಾನೆ, ನನಗೂ ನಿನಗೂ ಏನು ಹಗೆ? ಇನ್ನೊಬ್ಬನ ಜೊತೆ ಹೋರಾಡುತ್ತಿದ್ದವನಿಗೆ ಮರೆಯಲ್ಲಿ ನಿಂತು ಯಾಕೆ ಹೊಡೆದೆ? ಮಾವ ತಯಾರಾಗಿಯೇ ಹೋಗಿದ್ದರು. ಕಿಷ್ಕಿಂಧಾಕಾಂಡವನ್ನು ಅದೆಷ್ಟು ಸಲ ಓದಿದ್ದರೋ. ಮೊದಲ ಉತ್ತರ ಕೊಟ್ಟರು: ತಮ್ಮ ಬದುಕಿರುವಾಗಲೇ ಅವನ ಹೆಂಡತಿಯನ್ನು ಇಟ್ಟುಕೊಂಡೆ, ಅದಕ್ಕೆ ಶಿಕ್ಷೆ. ಎರಡನೇ ಉತ್ತರವನ್ನೂ ಕೊಟ್ಟರು: ನೀನು ಮರದ ಮೇಲಿನ ಮೃಗ, ಬೇಟೆಗಾರ ಮೃಗವನ್ನು ಮರೆಯಲ್ಲಿ ನಿಂತು ಹೊಡೆದರೆ ದೋಷವಿಲ್ಲ. ಎರಡೂ ವಾಲ್ಮೀಕಿ ರಾಮಾಯಣದಲ್ಲೇ ಇರುವ ಮಾತುಗಳು.

ಎದುರಿನ ವಾಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಧಾನಕ್ಕೆ ಕೇಳಿದರಂತೆ. "ಒಂದು ತೀರ್ಮಾನಕ್ಕೆ ಬಾ ರಾಮ. ನಾನು ಮೃಗವೋ, ತಪ್ಪಿತಸ್ಥನೋ? ಮೃಗವಾದರೆ ತಮ್ಮನ ಹೆಂಡತಿ ಅನ್ನುವ ನಿಯಮ ನನಗೆಲ್ಲಿಯದು? ನಿಯಮ ಇದೆ ಅನ್ನುವೆಯಾದರೆ, ಮರೆಯಲ್ಲಿ ನಿಂತು ಹೊಡೆಯಲಿಕ್ಕೆ ನಾನು ಮೃಗ ಹೇಗಾದೆ?"

ಮಾವನಿಗೆ ಬಾಯಿ ಕಟ್ಟಿತು. ಎರಡು ಉತ್ತರಗಳೂ ಬಾಯಿಪಾಠ ಇದ್ದವು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಭಾಗವತರು ಪರಿಸ್ಥಿತಿ ನೋಡಿ ಮುಂದಿನ ಪದ್ಯ ಎತ್ತಿದರು, ಮರ್ಯಾದೆ ಉಳಿಯಿತು. ಮಾವ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲವಂತೆ. ಬೆಳಿಗ್ಗೆ ಎದ್ದು ಅದೇ ಕಾಂಡವನ್ನು ತೆಗೆದು ಓದಿದರಂತೆ, ಈ ಸಲ ವಾಲಿಯಾಗಿ.

ಅಂದಿನಿಂದ ಅವರು ಓದುವ ರೀತಿಯೇ ಬೇರೆಯಾಯಿತು. ರಾಮನ ಅರ್ಥ ಹೇಳಬೇಕಾದರೆ ವಾಲಿಯ ಕಡೆಯಿಂದ ಓದುತ್ತಾರೆ. ಕೃಷ್ಣಸಂಧಾನದಲ್ಲಿ ಕೃಷ್ಣನಾದರೆ ಕೌರವನ ಕಡೆಯಿಂದ. ಓದಿ, ಪುಸ್ತಕ ಮುಚ್ಚಿ, ತೋಟಕ್ಕೆ ಹೋಗುತ್ತಾರೆ. ಅಲ್ಲಿ ಅಡಿಕೆ ಮರಗಳ ನಡುವೆ ಒಬ್ಬರೇ ಜೋರಾಗಿ ಮಾತಾಡುತ್ತಾರೆ. ನಾವು ಮಕ್ಕಳಾಗಿದ್ದಾಗ ಪಕ್ಕದ ಮನೆಯವರು "ನಿಮ್ಮ ಮಾವನಿಗೆ ತಲೆ ಸರಿ ಇದೆಯಾ?" ಅಂತ ಕೇಳಿದ್ದುಂಟು.

ಅವರ ಹತ್ತಿರ ಇರುವುದು ಹೆಚ್ಚೆಂದರೆ ಮೂವತ್ತು ಪುಸ್ತಕ. ಮಳೆಗಾಲ ಮುಗಿದ ಮೇಲೆ ಬೂಷ್ಟು ಹೋಗಲಿ ಅಂತ ಅವನ್ನು ಅಂಗಳದಲ್ಲಿ ಬಿಸಿಲಿಗೆ ಹರಡುತ್ತಾರೆ. ಒಂದೊಂದನ್ನೂ ಹರಡುವ ಮೊದಲು ಅದರಲ್ಲಿ ಏನಿದೆ ಅಂತ ತಮಗೆ ತಾವೇ ಹೇಳಿಕೊಳ್ಳುತ್ತಾರೆ, ಆಮೇಲೆ ತೆರೆದು ನೋಡುತ್ತಾರೆ. ಒಂದು ಸಲ ಅವರ ಪುಸ್ತಕದೊಳಗೆ ಸೊಸೈಟಿಯ ಹಳೆಯ ಅಡಿಕೆ ಪಟ್ಟಿ ಸಿಕ್ಕಿತು, 1987ರದ್ದು. ಹಿಂದೆ ಪೆನ್ಸಿಲಿನಲ್ಲಿ ನಾಲ್ಕೇ ಪದ: "ಇಲ್ಲಿ ಉತ್ತರ ಸಾಲದು, ಯೋಚಿಸು." ನನ್ನ ಹಳದಿ ಗೆರೆಗಳನ್ನು ನೆನೆದು ನಾಚಿಕೆಯಾಯಿತು.

ಮೂವತ್ತೇ ಪುಸ್ತಕದವರು ಹೊಸದನ್ನು ಓದಿದಾಗ ನಮಗಿಂತ ಜಾಸ್ತಿ ಹಿಡಿಯುತ್ತಾರಲ್ಲ, ಅದು ಹೇಗೆ ಅಂತ ನನಗೆ ಸೋಜಿಗ. 1988ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು 64 ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಆಟವೊಂದರ ವರ್ಣನೆ ಓದಲು ಕೊಟ್ಟಿದ್ದರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡರು. ಹೊಸದು ಅಂಟಿಕೊಳ್ಳಲಿಕ್ಕೆ ಒಳಗೆ ಹಳೆಯದು ಇರಬೇಕು. ಮಾವನಿಗೆ ಯಾವ ಕಾದಂಬರಿ ಹೇಳಿದರೂ ಅದು ಭಾರತದ ಯಾವುದೋ ಪರ್ವಕ್ಕೆ ಹೋಗಿ ಜೋತುಬೀಳುತ್ತದೆ. ನನ್ನ 41 ಪುಸ್ತಕಗಳಿಗೆ ಒಂದಕ್ಕೊಂದು ಪರಿಚಯವೇ ಇರಲಿಲ್ಲ.

ಹಾಗಂತ ಹಳಬರ ನೆನಪು ಪಕ್ಕಾ ಅಂತಲೂ ಅಲ್ಲ. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಬೆಂಗಳೂರಿನ ಜನ ಟೀ ಬಿಟ್ಟು ಕಷಾಯ ಕುಡಿಯುತ್ತಿದ್ದರು. ಕಾರು ಕೆಟ್ಟು ನಿಂತದ್ದು ಅವಳ ಬಾಯಲ್ಲಿ ಗಾಡಿಯ ಎತ್ತು ಮಲಗಿದ್ದಾಯಿತು. ಕೇಂಬ್ರಿಡ್ಜಿನ ಫ್ರೆಡರಿಕ್ ಬಾರ್ಟ್ಲೆಟ್ ಇಂಥದ್ದನ್ನೇ ಹಿಡಿದು 1932ರಲ್ಲಿ ಪುಸ್ತಕ ಬರೆದ. ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲೆಂಡಿನವರಿಗೆ ಓದಲು ಕೊಟ್ಟು, ಸ್ವಲ್ಪ ಸಮಯ ಬಿಟ್ಟು ಹೇಳಿಸಿದ. ಅವರು ಹೇಳುವಾಗ ಅಲ್ಲಿನ ಕಿರುದೋಣಿ ಮಾಮೂಲಿ ಬೋಟಾಗಿತ್ತು. ಸೀಲ್ ಬೇಟೆಗೆ ಹೋದವರು ಮೀನು ಹಿಡಿಯಲು ಹೋಗಿದ್ದರು. ಅರ್ಥವಾಗದ ತುಂಡುಗಳು ಕಳೆದುಹೋಗಿದ್ದವು. ಕುಮಟಾದವಳಾಗಿ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸಮುದ್ರಕ್ಕೆ ದೋಣಿ ಇಳಿಸಿದರೆ ಮೀನಿಗಲ್ಲದೆ ಇನ್ನೇತಕ್ಕೆ?

ನೆನಪು ಪೆಟ್ಟಿಗೆಯಿಂದ ತೆಗೆದ ಸೀರೆಯ ಹಾಗಲ್ಲ. ಪ್ರತಿ ಸಲವೂ ಹೊಸದಾಗಿ ನೇಯಬೇಕು, ನೂಲು ಸಾಲದ ಕಡೆ ನಮ್ಮದನ್ನೇ ಹಾಕುತ್ತೇವೆ. ಕಾರವಾರಕ್ಕೆ ಹೋದಾಗಲೆಲ್ಲ ನನಗೆ ಟಾಗೋರರದ್ದು ನೆನಪಾಗುವುದು ಇದಕ್ಕೇ. 1883ರಲ್ಲಿ, ಅಣ್ಣ ಅಲ್ಲಿ ಜಡ್ಜ್ ಆಗಿದ್ದಾಗ, 22ರ ಹರೆಯದಲ್ಲಿ ಬಂದಿದ್ದರು. ಬೆಳದಿಂಗಳಲ್ಲಿ ದೋಣಿಯಲ್ಲಿ ಕಾಳಿ ನದಿಯ ಮೇಲ್ಗಡೆ ಹೋಗಿ ಬಂದ ರಾತ್ರಿ ನಿದ್ದೆ ಬರದೆ ಕವಿತೆ ಬರೆದರಂತೆ. ಸುಮಾರು ಮೂರು ದಶಕಗಳ ನಂತರ ತಮ್ಮ ನೆನಪುಗಳ ಪುಸ್ತಕದಲ್ಲಿ ಆ ರಾತ್ರಿಯನ್ನು ಬಣ್ಣಿಸುತ್ತಾ, ಭಾವ ತುಂಬಿ ತುಳುಕುವ ಹೊತ್ತಿಗೇ ಬರೆದದ್ದು ಒಳ್ಳೆಯ ಕವಿತೆಯಾಗುತ್ತದೆ ಎಂದೇನಿಲ್ಲ, ಬಣ್ಣ ಹಚ್ಚಬೇಕಾದ್ದು ನೆನಪಿನ ಕುಂಚ ಎಂಬರ್ಥದ ಮಾತು ಹೇಳುತ್ತಾರೆ. ಕವಿಗೆ ಅದು ಸರಿ. ಓದುವವಳಿಗೆ ಆ ಬಣ್ಣವೇ ಕೆಲವೊಮ್ಮೆ ಅಪಾಯ.

ಈಗ ನಾನು ಮಾಡುತ್ತಿರುವುದು ದೊಡ್ಡದೇನಲ್ಲ. ತಿಂಗಳಿಗೆ ಎರಡು ಪುಸ್ತಕ, ಕೆಲವು ತಿಂಗಳು ಒಂದೇ. ಪಟ್ಟಿ ಬರೆಯುವುದು ಬಿಟ್ಟೆ. ಹೈಲೈಟರ್ ಮಗನಿಗೆ ಕೊಟ್ಟೆ. ಹಳೆ ಕ್ಯಾಲೆಂಡರಿನ ಹಾಳೆ ಹರಿದು ಪುಸ್ತಕದೊಳಗೆ ಇಟ್ಟುಕೊಳ್ಳುತ್ತೇನೆ. ಹಿಂದಿನ ದಿನ ಎಲ್ಲಿಗೆ ನಿಂತಿತ್ತು ಅಂತ, ಪುಸ್ತಕ ತೆರೆಯುವ ಮೊದಲು ಅದರ ಮೇಲೆ ಬರೆಯುತ್ತೇನೆ. ಹೆಚ್ಚೆಂದರೆ ಐದು ನಿಮಿಷ. ಮೊದಮೊದಲು ಹಿಂಸೆ ಅನ್ನಿಸುತ್ತಿತ್ತು. ಖಾಲಿ ಹಾಳೆ ನೋಡುತ್ತಾ ಕೂರಬೇಕು, ಓದುವ ಖುಷಿಯೇ ಹೋಯಿತು ಅನ್ನಿಸಿದ ದಿನಗಳೂ ಇವೆ. ಸುಮ್ನೆ ಹೊತ್ತು ಹೋಗಲಿಕ್ಕೆ ಓದುವ ಪುಸ್ತಕಗಳಿಗೆ ಇದನ್ನೆಲ್ಲ ಮಾಡುವುದಿಲ್ಲ. ಪತ್ತೇದಾರಿ ಕಾದಂಬರಿ ಮರೆತಷ್ಟೂ ಲಾಭ, ಮತ್ತೆ ಓದಬಹುದು.

ಇನ್ನೊಂದು, ಭಾನುವಾರ ಸಂಜೆ ಮಾವನಿಗೆ ಫೋನು. ಮಾವನಿಗೆ ಈಗ ಎಂಬತ್ತು ದಾಟಿದೆ, ಕಿವಿ ಮಂದ. ಜೋರಾಗಿ, ಬಿಡಿಸಿ ಹೇಳಬೇಕು. ಇದು ಎಷ್ಟು ಉಪಕಾರವಾಯಿತು ಅಂದರೆ, ನನಗೇ ಅರ್ಥವಾಗದ್ದನ್ನು ಕೂಗಿ ಹೇಳಲಿಕ್ಕಾಗುವುದಿಲ್ಲ. ಪಿಸುಗುಟ್ಟುವಾಗ ಎಷ್ಟೋ ಮುಚ್ಚಿಹೋಗುತ್ತದೆ. ಎಲ್ಲ ಕೇಳಿದ ಮೇಲೆ ಅವರದ್ದೊಂದೇ ಪ್ರಶ್ನೆ.

"ಬರೆದವ ಮರದ ಮರೆಗೆ ನಿಂತದ್ದು ಎಲ್ಲಿ?"

ಯಾವ ಪುಸ್ತಕದಲ್ಲೂ ಅಂಥ ಒಂದು ಜಾಗ ಇರುತ್ತದೆ ಅನ್ನುವುದು ಅವರ ನಂಬಿಕೆ. ಲೇಖಕ ಎದುರಿಗೆ ಬಂದು ಉತ್ತರ ಕೊಡಬೇಕಾದ ಕಡೆ ಮರೆಗೆ ಸರಿದು ಬಾಣ ಬಿಟ್ಟ ಜಾಗ. ಪಾತ್ರವನ್ನು ಅವಸರದಲ್ಲಿ ಸಾಯಿಸಿದ್ದೋ, ಒಂದು ಸಂಖ್ಯೆ ಹೇಳಿ ಬಾಯಿ ಮುಚ್ಚಿಸಿದ್ದೋ, ಚಂದದ ವಾಕ್ಯ ಬರೆದು ಪ್ರಶ್ನೆ ದಾಟಿಸಿದ್ದೋ. ಈಗ ಓದುವಾಗಲೇ ನನ್ನ ಕಣ್ಣು ಅದನ್ನು ಹುಡುಕುತ್ತಿರುತ್ತದೆ. ಹಾಗೆ ಹುಡುಕುತ್ತಾ ಓದಿದ್ದು ಮರೆಯುವುದಿಲ್ಲ, ನೆನಪಿಡಬೇಕು ಅಂತ ಹೊರಟಿಲ್ಲದಿದ್ದರೂ.

ಎರಡು ಭಾನುವಾರದ ಹಿಂದೆ ಹೊಸ ಪುಸ್ತಕ ಯಾವುದೂ ಮುಗಿದಿರಲಿಲ್ಲ. ಇರಲಿ ಅಂತ ಬಸ್ಸಿನ ಪುಸ್ತಕವನ್ನೇ ಹೇಳಿದೆ. ಅಷ್ಟು ಹೊತ್ತಿಗೆ ಸಾಕಷ್ಟು ನೆನಪಾಗಿತ್ತು. ಮೂವರು ಅಣ್ಣತಮ್ಮಂದಿರು, ಪಾಲಿನ ಜಗಳ, ತಾಯಿ ಸತ್ತ ವರ್ಷ ದೊಡ್ಡವನು ಊರಿಗೆ ಬಂದು ಮಾಡು ರಿಪೇರಿ ಮಾಡಿಸುವುದು, ಬೇಸಿಗೆಯಲ್ಲಿ ಆಳು ಹಚ್ಚಿ ಬಾವಿಯ ಹೂಳು ತೆಗೆಸುವುದು, ಬ್ರೋಕರ್ ಬರುವುದು. ಕೊನೆಗೆ ಮನೆ ಮಾರಿ ಬೀಗದ ಕೈ ಕೊಟ್ಟು ಬಸ್ಸು ಹತ್ತುತ್ತಾನೆ.

ಆ ಕಡೆ ಸದ್ದಿಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ.

"ಮಾರಿದ್ನಾ? ಹೌದನೇ?" ಅಂದರು ಮಾವ.

"ಹೌದು ಮಾವ. ಮಾರಿ ಹೋಗ್ತಾನೆ."

"ಬಾವಿ ಹೂಳು ತೆಗೆಸಿದ್ದ ಹೇಳಿ ನೀನೇ ಹೇಳಿದ್ಯಲೇ. ಮಾರವ ಬಾವಿ ಹೂಳು ಎಂತಕ್ಕೆ ತೆಗೆಸ್ತ? ಪುಸ್ತಕ ತೆಗೆದು ನೋಡು, ಕೂಸೇ."

ಫೋನಿಟ್ಟು ಕಪಾಟಿನಿಂದ ಪುಸ್ತಕ ತೆಗೆದೆ. ಕೊನೆಯ ಅಧ್ಯಾಯ. ಬ್ರೋಕರ್ ಬರುತ್ತಾನೆ, ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾನೆ, ರೇಟು ಹೇಳುತ್ತಾನೆ. ದೊಡ್ಡವನು ಉತ್ತರ ಕೊಡದೆ ಎದ್ದು ಬಾವಿಗೆ ಹೋಗಿ ನೀರು ಸೇದುತ್ತಾನೆ. ಬ್ರೋಕರಿಗೆ ಕುಡಿಯಲು ಕೊಡುತ್ತಾನೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಮಾರುವುದೂ ಇಲ್ಲ, ಬೀಗದ ಕೈಯೂ ಇಲ್ಲ, ಬಸ್ಸೂ ಇಲ್ಲ.

ಬೀಗದ ಕೈ ಕೊಟ್ಟು ಬಸ್ಸು ಹತ್ತಿದವಳು ನಾನು.

ಮತ್ತೆ ಫೋನು ಮಾಡಿದೆ. ಮಾವ ಆಗಲೇ ಊಟಕ್ಕೆ ಕೂತಿದ್ದರು. ಹೇಳಿದೆ. "ಅಡ್ಡಿಲ್ಲೆ" ಅಂದರು. ಆಮೇಲೆ ಸ್ವಲ್ಪ ತಡೆದು, "ಆ ಪುಸ್ತಕ ಒಂದಪ ತಗಂಡು ಬಾ, ನಾನೂ ನೋಡ್ತಿ" ಅಂದರು.

ಅಷ್ಟು ಹೊತ್ತು ವಾದ ಮಾಡಿದವರು ಅದನ್ನು ಓದಿಯೇ ಇರಲಿಲ್ಲ.